ನೈಟಿಯ ಒಳಜೇಬು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಬೀದಿದೀಪ ಆರಿದೆ, ಸೂರ್ಯ ಮನಸ್ಸು ಮಾಡಿಲ್ಲ. ಒಂದೇ ಕೋಣೆಯ ಮನೆಯ ಬಾಗಿಲಲ್ಲಿ ನಿಂತು ಜೇಬಕ್ಕ ಹೂವಿನ ಅಚ್ಚಿನ ಹತ್ತಿ ಬಟ್ಟೆಯ ತುಂಡೊಂದನ್ನು ಹೆಬ್ಬೆರಳಿಂದ ಉಜ್ಜಿ ನೋಡುತ್ತಿದ್ದಾರೆ. ಅಗ್ಗದ ಬಟ್ಟೆ. ಬಣ್ಣ ಈ ಮೈಯಿಂದ ಆ ಮೈಗೆ ಇಳಿದಿರುತ್ತದೆ. ಮುಮ್ಮೈ ಯಾವುದು, ಹಿಮ್ಮೈ ಯಾವುದು ಎಂದು ಕಣ್ಣಿಗೆ ತಿಳಿಯುವುದಿಲ್ಲ. ಬೆರಳಿಗೆ ನುಣುಪಾದರೆ ಮುಮ್ಮೈ, ಜುಂಗು ತಾಗಿದರೆ ಹಿಮ್ಮೈ. ಮೂಲೆಗೆ ಸೀಮೆಸುಣ್ಣದ ಗೀಟೊಂದನ್ನು ಎಳೆದು ಪಕ್ಕಕ್ಕಿಡುತ್ತಾರೆ. ಮುಂದಿನ ತುಂಡು.

"ದಿನಾ ಬಾಗಿಲಲ್ಲಿ ನಿಂತು ಬಟ್ಟೆ ಸವರ್ತಾಳೆ. ನೋಡಿದೋರು ಮನೆ ಸಾಮಾನು ಮಾರ್ತಿದ್ದಾಳೆ ಅಂದ್ಕೋತಾರೆ" ಎಂದು ಒಳಗಿನಿಂದ ಅತ್ತೆಯ ದನಿ.

"ಒಳ್ಳೆ ಗಿರಾಕಿ ಬಂದ್ರೆ ಮಾರ್ತೀನಿ ಅತ್ತೆ. ಜೊತೇಲಿ ನಿಮ್ಮನ್ನ ಪುಕ್ಕಟೆ ಕೊಡ್ತೀನಿ."

"ಕೊಡು ಕೊಡು. ಗುಂಡಿ ಹಾಕೋಕೆ ಆಮೇಲೆ ಯಾರನ್ನ ಕರೀತೀಯೋ ನೋಡೋಣ."

ಜೇಬಕ್ಕ ನೈಟಿ ಹೊಲಿಯುತ್ತಾರೆ. ಕತ್ತರಿಸಿದ ತುಂಡುಗಳ ಕಟ್ಟನ್ನು ಮೇಸ್ತ್ರಿ ತಂದು ಹಾಕುತ್ತಾನೆ, ಹೊಲಿದದ್ದನ್ನು ಒಯ್ಯುತ್ತಾನೆ, ಪೀಸಿನ ಲೆಕ್ಕದಲ್ಲಿ ಕೂಲಿ ಕೊಡುತ್ತಾನೆ. ಕಿಟಕಿಯ ಕೆಳಗೆ ಕಾಲಲ್ಲಿ ತುಳಿಯುವ ಮಷೀನು, ಅದರ ಬುಡದಲ್ಲಿ ಗೋಡೆಗೆ ಒರಗಿ ಕೂತ ಅತ್ತೆ. ಸೊಸೆ ಹೊಲಿದು ಎಸೆದದ್ದಕ್ಕೆ ಗುಂಡಿ ಹಾಕುವುದು, ದಾರದ ತುದಿ ಕತ್ತರಿಸುವುದು ಅತ್ತೆಯ ಪಾಲು. ಗಂಡ ಲಾರಿಯ ಮೇಲೆ ಕ್ಲೀನರ್. ವಾರಕ್ಕೊಮ್ಮೆ ಮನೆಗೆ ಬಂದರೆ ಮಲಗಲು ಬಟ್ಟೆಯ ಕಟ್ಟುಗಳನ್ನು ಸರಿಸಿ ಜಾಗ ಮಾಡಿಕೊಳ್ಳಬೇಕು. ಕೈ ಓಡಿದ ದಿನ ಇಪ್ಪತ್ತು ನೈಟಿ ಆಗುತ್ತವೆ. ಓಡದ ದಿನ ಕೇಳಬಾರದು.

ಇಷ್ಟಾದರೆ ಅವರು ಸಾವಿರಾರು ಮನೆಗೆಲಸದ ಹೊಲಿಗೆಯವರಲ್ಲಿ ಒಬ್ಬರು. ಆದರೆ ಈ ಕೋಣೆಯಲ್ಲಿ ಹೊಲಿದ ನೈಟಿಗಳು ವಿಮಾನ ಹತ್ತುತ್ತವೆ.

ಊರಿನ ದೊಡ್ಡ ಸಿದ್ಧ ಉಡುಪಿನ ಅಂಗಡಿಗೆ ರಜೆಯ ತಿಂಗಳುಗಳಲ್ಲಿ ಹೋಗಿ ನೋಡಬೇಕು. ಹೊರದೇಶದಿಂದ ಬಂದವರು ಅಲ್ಲಿ ಗಾಡಿ ತಳ್ಳಿಕೊಂಡು ಓಡಾಡುತ್ತಿರುತ್ತಾರೆ. ಪಕ್ಕದ ದಿನಸಿ ಅಂಗಡಿಯಿಂದ ಆಗಲೇ ಸೋಪು, ತಲೆನೋವಿನ ಮುಲಾಮು, ಕೂದಲೆಣ್ಣೆ, ಕುಕ್ಕರಿನ ರಬ್ಬರು, ಪಿನ್ನು, ಲಾಡಿ ದಾರ ತುಂಬಿಸಿಕೊಂಡಿರುತ್ತಾರೆ. ಇಲ್ಲಿ ಬರುವುದು ಹತ್ತಿ ನೈಟಿಗೆ. "ಅಲ್ಲಿ ಎಷ್ಟು ಸುರಿದ್ರೂ ಇಂಥ ಬಟ್ಟೆ ಸಿಗಲ್ಲ ರೀ, ಎಲ್ಲ ಪ್ಲಾಸ್ಟಿಕ್ ಥರ ಮೈಗಂಟತ್ತೆ" ಎಂದು ಒಬ್ಬಾಕೆ ಡಜನ್ನಿನ ಮೇಲೆ ಡಜನ್ನು ಎತ್ತುತ್ತಾರೆ. ಹೊರದೇಶದಲ್ಲಿ ನೆಲೆಸಿದವರು ತವರಿಂದ ಏನೇನು ಹೊತ್ತೊಯ್ಯುತ್ತಾರೆ ಎಂಬುದು ನಮ್ಮ ಪತ್ರಿಕೆಗಳಿಗೆ ಬಲು ಇಷ್ಟದ ತಮಾಷೆ. ಪೆಟ್ಟಿಗೆಯ ಮೇಲೆ ಕೂತು ಬೀಗ ಹಾಕುವ ಚಿತ್ರ, ಪಕ್ಕದಲ್ಲೊಂದು ನಗು. ಪೆಟ್ಟಿಗೆ ತುಂಬುವವರೆಲ್ಲ ಒಂದೇ ಜಾತಿಯ ಪ್ರಯಾಣಿಕರು ಎಂಬಂತೆ ಬರೆದು ಕೈತೊಳೆದುಕೊಳ್ಳುತ್ತಾರೆ.

ಅದೇ ಅಂಗಡಿಯಲ್ಲಿ ಇನ್ನೊಂದು ಬಗೆಯ ಗಿರಾಕಿ ಇದ್ದಾರೆ. ಅವರು ಗಾಡಿ ತಳ್ಳುವುದಿಲ್ಲ. ನೈಟಿಯ ಗುಂಡಿ ಬಿಚ್ಚಿ, ಎದೆಯ ಕೆಳಗೆ ಎಡಭಾಗಕ್ಕೆ ಕೈ ಇಳಿಸಿ, ಬೆರಳಿಗೆ ಒಳಜೇಬು ಸಿಕ್ಕಿದ ಮೇಲೆ ಮಾತ್ರ ಬೆಲೆ ಕೇಳುತ್ತಾರೆ. ಇವರು ಹೊರದೇಶದಲ್ಲಿ ಬೇರೆಯವರ ಮಕ್ಕಳನ್ನು ಮೀಯಿಸುವವರು, ಬೇರೆಯವರ ಮುದುಕರನ್ನು ಎತ್ತಿ ಕೂರಿಸುವವರು, ಬೇರೆಯವರ ನೆಲ ಒರೆಸುವವರು. ಎರಡು ವರ್ಷಕ್ಕೊಮ್ಮೆ ರಜೆ. ಆ ಒಳಜೇಬು ಜೇಬಕ್ಕನದು. ಅವರ ಹೆಸರೂ ಅಲ್ಲಿಂದಲೇ ಬಂದದ್ದು.

ಅದು ಹುಟ್ಟಿದ್ದು ಒಂದು ತಪ್ಪಿನಿಂದ. ಹೊಲಿಗೆಯಲ್ಲಿ ಜೇಬು ಮೊದಲು, ಜೋಡಣೆ ಆಮೇಲೆ. ಮುಂಭಾಗದ ತುಂಡು ಇನ್ನೂ ಚಪ್ಪಟೆಯಾಗಿರುವಾಗಲೇ ಅದರ ಮೇಲೆ ಜೇಬಿನ ಚೌಕ ಕೂರಿಸಿಬಿಡಬೇಕು. ಒಂದು ಮುಂಜಾನೆ ಕರೆಂಟು ಹೋಗಿತ್ತು. ಬಂದ ಬಟ್ಟೆಯ ಎರಡೂ ಮೈಗೆ ಗಂಜಿ ಬಿದ್ದಿತ್ತು. ಹೆಬ್ಬೆರಳು ಮೋಸಹೋಯಿತು. ಇಡೀ ಕಟ್ಟಿನ ಹಿಮ್ಮೈಗೆ ಜೇಬು ಕೂತುಬಿಟ್ಟಿತು. ಬೆಳಕಾದ ಮೇಲೆ ಮೈಗಳನ್ನು ಸರಿಯಾಗಿಯೇ ನೋಡಿ ಜೋಡಿಸಿದರು. ಗುಂಡಿ ಹಾಕುವಾಗ ಅತ್ತೆ ಕೂಗಿಕೊಂಡರು: "ಇದೇನೇ ಇದು, ಜೇಬು ಹೊಟ್ಟೆ ಒಳಗೆ ಹೋಗಿದೆ!"

ಮೇಸ್ತ್ರಿ ಆ ಕಟ್ಟನ್ನು ಮುಖದ ಮೇಲೆ ಎಸೆದು, ಬಟ್ಟೆಯ ಬೆಲೆಯನ್ನು ಕೂಲಿಯಲ್ಲಿ ಮುರಿದುಕೊಂಡ. ಜೇಬಕ್ಕ ಅವನ್ನು ದೊಡ್ಡಂಗಡಿಯ ಎದುರಿನ ಫುಟ್‌ಪಾತಿನಲ್ಲಿ ಹರಡಿ ಕೂತರು. "ನಾಚ್ಕೆ ಆಗ್ತಿತ್ತು. ತಲೆ ಎತ್ತಿರ್ಲಿಲ್ಲ. ಒಬ್ಬಳು ಬಂದ್ಳು, ರಜೆಗೆ ಬಂದೋಳು. ಒಳಗೆ ಕೈ ಹಾಕಿದ್ಳು, ತೆಗೆದ್ಳು, ಮತ್ತೆ ಹಾಕಿದ್ಳು. ಹೊರಗಡೆಯಿಂದ ನೋಡಿದ್ಳು. ಹೂವಿನ ಮಧ್ಯೆ ಹೊಲಿಗೆ ಗೊತ್ತೇ ಆಗ್ತಿರ್ಲಿಲ್ಲ. ಬೈತಾಳೆ ಅಂದ್ಕೊಂಡೆ. 'ಇಂಥದ್ದು ಎಷ್ಟಿದೆ?' ಅಂದ್ಳು. ಅಷ್ಟನ್ನೂ ತಗೊಂಡ್ಹೋದ್ಳು. ಮಾರನೇ ದಿನ ಅವಳ ಜೊತೆಯವರು ಬಂದ್ರು."

ಆಮೇಲೆ ದೊಡ್ಡಂಗಡಿಯವರೇ ಕೇಳಿಕೊಂಡು ಬಂದರು. ಮೇಸ್ತ್ರಿ ನಾಚಿಕೆಯಿಲ್ಲದೆ ಒಳಜೇಬಿನ ನೈಟಿಗೆ ಆರ್ಡರು ಹಿಡಿದ. ಮುರಿದುಕೊಂಡ ಕೂಲಿಯ ಮಾತು ಮಾತ್ರ ಎತ್ತಲಿಲ್ಲ.

ಆ ಜೇಬಿನಲ್ಲಿ ಏನಿಡುತ್ತಾರೆ? ಎದುರು ಮನೆಯವರ ತಂಗಿ ಹೇಳುತ್ತಾಳೆ. ಅವಳು ರಜೆ ಮುಗಿಸಿ ನಾಳೆ ಹೊರಡುವವಳು. ದೂರದ ದೇಶವೊಂದರಲ್ಲಿ, ಎಂಟು ಕೋಣೆಗಳ ಒಂದು ಮನೆಯಲ್ಲಿ ಮೂರು ಮಕ್ಕಳ ಆಯಾ; ಗುಡಿಸಿ ಒರೆಸುವವಳೂ ಅವಳೇ. "ಫೋನು. ಇನ್ನೇನು? ಅಲ್ಲಿ ಮೇಡಮ್ಮು ಹಗಲೆಲ್ಲ ಫೋನು ತಗೊಂಡು ಡ್ರಾಯರಲ್ಲಿ ಇಟ್ಬಿಡ್ತಾರೆ. ಪಾಸ್‌ಪೋರ್ಟು ಯಜಮಾನರ ಬೀರುವಲ್ಲಿ. ನನಗೆ ಮಲಗೋಕೆ ಇಸ್ತ್ರಿ ಮಾಡೋ ಕೋಣೆ, ಅದಕ್ಕೆ ಚಿಲಕ ಇಲ್ಲ. ನಂದು ಅಂತ ಒಂದು ಗೂಡೂ ಇಲ್ಲ ಆ ಮನೇಲಿ. ಒಂದು ಹಳೇ ಫೋನು ಇಟ್ಕೊಂಡಿದೀನಿ, ಅದು ಇದರಲ್ಲಿ. ಒಂದು ಸಲ ಜ್ವರ ಬಂದು ಬಿದ್ದಿದ್ದೆ, ಅವರು ಊರಿಗೆ ಹೋಗಿದ್ರು, ಬಾಗಿಲಿಗೆ ಹೊರಗಿಂದ ಬೀಗ. ಇದರಿಂದಲೇ ತೆಗೆದು ಫೋನ್ ಮಾಡಿದ್ದು. ಇಲ್ಲಾಂದ್ರೆ ಅಲ್ಲೇ ಒಣಗಿಹೋಗ್ತಿದ್ದೆ."

ಓದುಗರು ಈ ಮಾತನ್ನು ಇನ್ನೊಮ್ಮೆ ಓದಬೇಕು. ಎಂಟು ಕೋಣೆಗಳ ಮನೆಯನ್ನು ದಿನವೂ ಗುಡಿಸುವ ಹೆಂಗಸಿಗೆ ಆ ಮನೆಯಲ್ಲಿ ಸ್ವಂತದ್ದೆಂದು ಇರುವ ಜಾಗ ಅಂಗೈಯಗಲದ ಒಂದು ಬಟ್ಟೆಯ ಚೌಕ. ಅದನ್ನೂ ಅವಳು ತನ್ನೂರಿನಿಂದ, ತನ್ನ ದುಡ್ಡಿನಲ್ಲಿ ಕೊಂಡೊಯ್ಯಬೇಕು.

ಈ ಸಂಕಟ ಜೇಬಕ್ಕನಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಹೊಲಿಯಲು ಕೂರುವ ಮುಂಚೆ ಅವರು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿದ್ದರು. ದಿನವಿಡೀ ಯಾರದೋ ಪ್ಯಾಂಟುಗಳಿಗೆ ಜೇಬು ಹೊಲಿಯುವ ಸಾಲು ಅವರದು. "ನಮಗೆ ಕೊಟ್ಟಿದ್ದ ಮೇಲಂಗಿಗೆ ಜೇಬೇ ಇರ್ಲಿಲ್ಲ. ಮೊದಲಿತ್ತಂತೆ, ಕಿತ್ತು ಹಾಕಿದ್ರಂತೆ. ದಾರ ಕದೀತೀವಿ ಅಂತ! ಸಂಜೆ ಗೇಟಲ್ಲಿ ಮೈಯೆಲ್ಲಾ ತಡವಿ ಬಿಡೋರು. ಕೆಮ್ಮಿನ ಗುಳಿಗೆ ಇಟ್ಕೊಳ್ಳೋಕೂ ಜಾಗ ಇಲ್ಲ, ಕೆನ್ನೆ ಒಳಗೆ ಇಟ್ಕೊಂಡು ಹೋಗ್ತಿದ್ದೆ" ಎಂದು ನಗುತ್ತಾರೆ. ನಗುವಾಗ ಬಲ ಭುಜ ಏಳುವುದಿಲ್ಲ. ಅದು ಕಾರ್ಖಾನೆ ಕೊಟ್ಟು ಕಳಿಸಿದ ಬಳುವಳಿ.

ಈಗ ಆ ಜೇಬಿನ ಮೇಲೆ ಕಣ್ಣು ಬಿದ್ದಿದೆ. ಹೆಂಗಸರನ್ನು ಮನೆಗೆಲಸಕ್ಕೆ ಹೊರದೇಶಕ್ಕೆ ಕಳಿಸುವ ಏಜೆಂಟನೊಬ್ಬ ದೊಡ್ಡಂಗಡಿಗೆ ಬಂದು ಹೇಳಿಹೋಗಿದ್ದಾನೆ: ಕೆಲಸದವರು ಫೋನು ಬಚ್ಚಿಡುತ್ತಾರೆಂದು ಮನೆಯೊಡೆಯರಿಂದ ದೂರು ಬರುತ್ತಿದೆ, ಈ ಮಾಲು ನಿಲ್ಲಿಸಿ. ಹೊರಡುವ ಮುಂಚೆ ಹೆಂಗಸರನ್ನು ವ್ಯಾನಿನಲ್ಲಿ ತಂದು ಅಂಗಡಿಯ ಮುಂದೆ ಇಳಿಸುವವನು ಅವನೇ. ಅಂಗಡಿಯವರು ತುಟಿಪಿಟಕ್ಕೆನ್ನದೆ ಒಪ್ಪಿಕೊಂಡಿದ್ದಾರೆ. ಕಳೆದ ವಾರ ಮೇಸ್ತ್ರಿ ಬಂದು ಬಾಗಿಲಲ್ಲೇ ನಿಂತು ಹೇಳಿದ: "ಇನ್ಮೇಲೆ ಜೇಬು ಬೇಡ. ಒಳಗೂ ಬೇಡ, ಹೊರಗೂ ಬೇಡ. ಒಂದೇ ಒಂದು ಸಿಕ್ಕಿದ್ರೂ ಈ ಮನೆಗೆ ಕಟ್ಟು ಬರಲ್ಲ ಅಕ್ಕ, ಆಮೇಲೆ ನನ್ನ ಬೈಕೋಬೇಡಿ."

ಬೇರೆ ಮೇಸ್ತ್ರಿಗಳು ಈ ಬೀದಿಗೆ ಬರುವುದಿಲ್ಲ. ಕಟ್ಟು ನಿಂತರೆ ಮನೆಯ ಒಲೆ ಲಾರಿಯ ಕ್ಲೀನರನ ಸಂಬಳದ ಮೇಲೆ ಉರಿಯಬೇಕು. ಒಂದು ವಾರದಿಂದ ಜೇಬಕ್ಕ ಜೇಬಿಲ್ಲದ ನೈಟಿ ಹೊಲಿಯುತ್ತಿದ್ದಾರೆ. ಕೆಲಸ ಬೇಗ ಆಗುತ್ತದಂತೆ. ಹೇಳುವಾಗ ಮುಖ ತಿರುಗಿಸುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಎದುರು ಮನೆಯ ತಂಗಿ ಚೀಲ ಹಿಡಿದು ಒಳಗೆ ಬರುತ್ತಾಳೆ. ಚೀಲದಲ್ಲಿ ದೊಡ್ಡಂಗಡಿಯಿಂದ ತಂದ ನಾಲ್ಕು ಹೊಸ ನೈಟಿಗಳು.

"ಅಕ್ಕ, ಇದಕ್ಕೆ ಜೇಬಿಲ್ಲ."

"ಗೊತ್ತು. ನಾನೇ ಹೊಲಿದಿದ್ದು."

"ಹಾಕ್ಕೊಡ್ತೀಯಾ?"

ಮಷೀನು ನಿಲ್ಲುತ್ತದೆ. ಅತ್ತೆ ಹಲ್ಲಲ್ಲಿ ಕಚ್ಚಿದ ದಾರವನ್ನು ಉಗುಳುತ್ತಾರೆ. "ಬೇಡ ಕಣಮ್ಮ. ಅವನು ಬರೋ ಹೊತ್ತು. ನೀನು ನಾಳೆ ಹಾರಿಹೋಗ್ತೀಯ, ನಾವು ಇಲ್ಲೇ ಇರ್ಬೇಕು. ಕೈಯಲ್ಲೇ ಹೊಲ್ಕೋಬಾರ್ದಾ?"

"ನನಗೆ ಗುಂಡಿ ಹಾಕೋಕೇ ಬರಲ್ಲ ಅಜ್ಜಿ. ಕೈ ಹೊಲಿಗೆ ಎರಡು ಸಲ ಒಗೆದ್ರೆ ಬಿಟ್ಕೊಳ್ಳತ್ತೆ. ಮಕ್ಕಳು ಎದೆ ಮೇಲೆ ಹತ್ತಿ ಕುಣೀತವೆ. ಫೋನು ಅವರ ಮುಂದೆ ಬಿದ್ರೆ ಮುಗೀತು." ಚೀಲ ಎತ್ತಿಕೊಂಡು ಹೇಳುತ್ತಾಳೆ, "ಪರವಾಗಿಲ್ಲ ಬಿಡಿ, ಹೋಗ್ತೀನಿ."

ಅವಳು ಹೊರಡುವುದಿಲ್ಲ. ಜೇಬಕ್ಕ ಎದ್ದು, ದಿಂಬಿಗೆ ಹಾಕಿದ್ದ ಹಳೆಯ ಚೀಲವನ್ನು ಕಿತ್ತು, ಚೌಕಕ್ಕೆ ಕತ್ತರಿಸುತ್ತಾರೆ. ಮೇಸ್ತ್ರಿಯ ಬಟ್ಟೆಯ ಚೂರೊಂದನ್ನೂ ಮುಟ್ಟುವುದಿಲ್ಲ. ಜೋಡಿಸಿದ ನೈಟಿಯ ಒಳಗೆ ಜೇಬು ಕೂರಿಸುವುದು ಚಪ್ಪಟೆ ತುಂಡಿಗೆ ಕೂರಿಸಿದಷ್ಟು ಸುಲಭವಲ್ಲ. ಇಡೀ ನೈಟಿಯನ್ನು ಮಗುಚಿ, ಬೆನ್ನಿನ ಬಟ್ಟೆ ಸೂಜಿಗೆ ಸಿಗದಂತೆ ಎಡಗೈಯಲ್ಲಿ ಹಿಡಿದು ತುಳಿಯಬೇಕು. ಮೊದಲನೆಯದು, ಎರಡನೆಯದು. ಮೂರನೆಯದಕ್ಕೆ ಸೂಜಿ ಇಳಿಯುವಾಗ ಬಾಗಿಲಿಗೆ ನೆರಳು ಬೀಳುತ್ತದೆ.

ಮೇಸ್ತ್ರಿ ಒಳಬಂದು ನೈಟಿಯನ್ನೂ ನೋಡುತ್ತಾನೆ, ಚೌಕಗಳನ್ನೂ ನೋಡುತ್ತಾನೆ. "ಏನಕ್ಕ ಇದು? ಹೇಳಿದ್ನೋ ಇಲ್ವೋ?"

"ಹೇಳಿದ್ರಿ. ನಿಮ್ಮ ನೈಟಿ ಅಲ್ಲಿವೆ, ಒಂದೊಂದೇ ತೆಗೆದು ನೋಡ್ಕೊಳ್ಳಿ, ಜೇಬಿಲ್ಲ. ಇದು ಇವಳದ್ದು. ಅಂಗಡೀಲಿ ದುಡ್ಡು ಕೊಟ್ಟು ತಂದಿದ್ದಾಳೆ."

"ಅಂಗಡಿಯವರಿಗೆ ನಾನು ಇದನ್ನ ಹೇಳಕ್ಕಾಗುತ್ತಾ? ಜೇಬು ಕಂಡ್ರೆ ಈ ಕೈ ಯಾರದ್ದು ಅಂತ ಅವರಿಗೆ ಗೊತ್ತು."

"ಗೊತ್ತಾಗ್ಲಿ."

"ಏಯ್, ಬಿಚ್ಚಾಕಿ ಅಕ್ಕ ಅದನ್ನ. ನಾನು ಕಂಡಿಲ್ಲ ಅಂದ್ಕೋತೀನಿ. ಹೊಟ್ಟೆ ಮೇಲೆ ಯಾಕೆ ಹೊಡ್ಕೋತೀರಿ?"

ಜೇಬಕ್ಕ ಅವನ ಮುಖ ನೋಡುವುದಿಲ್ಲ. ಕಾಲು ಪೆಡಲಿನ ಮೇಲಿದೆ. ಮಷೀನು ಮತ್ತೆ ಓಡುತ್ತದೆ. ಮೂರನೆಯ ಜೇಬಿನ ನಾಲ್ಕನೇ ಬದಿ ಬಾಯಿ. ಅದನ್ನು ಬಿಟ್ಟು, ಎರಡೂ ಮೂಲೆಗೆ ಹಿಂದೆ ಮುಂದೆ ಗಟ್ಟಿ ಹೊಲಿಗೆ ಹಾಕಿ ದಾರ ಕತ್ತರಿಸುತ್ತಾರೆ.

ಮೇಸ್ತ್ರಿ ತನಗೆ ಸೇರಬೇಕಾದ, ಹೊಲಿದು ಮುಗಿದ ನೈಟಿಗಳನ್ನು ಎತ್ತಿಕೊಳ್ಳುತ್ತಾನೆ. ಆಮೇಲೆ ಮೂಲೆಯಲ್ಲಿದ್ದ, ಇನ್ನೂ ಹೊಲಿಯದ ಕಟ್ಟನ್ನೂ ಎತ್ತಿ ಹೆಗಲಿಗೆ ಹಾಕಿಕೊಳ್ಳುತ್ತಾನೆ. ಮುಂಜಾನೆ ಉಜ್ಜಿ ಗೀಟು ಎಳೆದಿಟ್ಟ ತುಂಡುಗಳೂ ಅದರೊಳಗೇ ಹೋಗುತ್ತವೆ. ಅವನು ಹೋದ ಮೇಲೆ ಕೋಣೆ ಇದ್ದಕ್ಕಿದ್ದಂತೆ ದೊಡ್ಡದಾಗಿ ಕಾಣುತ್ತದೆ.

ತಂಗಿ ಕೈಲಿದ್ದ ನೈಟಿಯಲ್ಲೇ ಕಣ್ಣೊರೆಸಿಕೊಳ್ಳುತ್ತಾಳೆ. "ನನ್ನಿಂದ ಹಿಂಗಾಯ್ತಲ್ಲ ಅಕ್ಕ."

ಉತ್ತರ ಕೊಡುವವರು ಅತ್ತೆ. "ಅಳ್ಬೇಡ. ಅತ್ತು ಬಟ್ಟೆ ಒದ್ದೆ ಮಾಡಿದ್ರೆ ಮತ್ತೆ ಇಸ್ತ್ರಿ ಯಾರು ಮಾಡ್ತಾರೆ? ಇಲ್ಲಿ ಕೊಡು." ಹೊಲಿದ ಮೂರನ್ನೂ ತೊಡೆಯ ಮೇಲೆ ಎಳೆದುಕೊಂಡು, ಸಡಿಲವಾದ ಗುಂಡಿಗಳನ್ನು ಒಂದೊಂದಾಗಿ ಜಗ್ಗಿ ನೋಡಿ, ಸೂಜಿಗೆ ದಾರ ಪೋಣಿಸಿಕೊಡೆಂದು ಅವಳಿಗೇ ಕೊಡುತ್ತಾರೆ. "ಎಂಥ ಗುಂಡಿ ಹಾಕಿದ್ದಾರೋ. ಒಳಗೆ ಜೇಬಿದ್ದು ಹೊರಬಾಗಿಲೇ ಇಲ್ಲದ ಹಾಗೆ." ಅದು ತಾವೇ ಹಾಕಿದ ಗುಂಡಿ ಎಂಬುದು ನೆನಪಾಗಿ ತಾವೇ ನಗುತ್ತಾರೆ. ಜೇಬಕ್ಕ ನಾಲ್ಕನೆಯದನ್ನು ಮಗುಚುತ್ತಾರೆ.

ಜೇಬಕ್ಕನಿಗೆ ನಾಳೆಯಿಂದ ಏನು? ಮತ್ತೆ ಫುಟ್‌ಪಾತಿನಲ್ಲಿ ಕೂರಬಹುದು. ಅಲ್ಲಿ ಪೊಲೀಸರು ಎಬ್ಬಿಸುತ್ತಾರೆ. ಹೊರಡುವ ಹೆಂಗಸರೇ ನೈಟಿ ತಂದು ಜೇಬು ಹಾಕಿಸಿಕೊಂಡು ಹೋಗಬಹುದು. ಎಷ್ಟು ಜನ ಬರುತ್ತಾರೋ ಯಾರಿಗೆ ಗೊತ್ತು. ಏಜೆಂಟನಿಗೆ, ಅಂಗಡಿಗೆ, ಮೇಸ್ತ್ರಿಗೆ ನಾಳೆಯೂ ವ್ಯಾಪಾರವಿದೆ. ಮೂವರೂ ಸೇರಿ ಹೆದರಿದ್ದು ದಿಂಬಿನ ಚೀಲದ ಒಂದು ಚೂರಿಗೆ. ಆ ಹೆದರಿಕೆಯನ್ನು ಹೊಲಿದವರಿಗೆ ಈ ಸಂಜೆ ಕೂಲಿ ಇಲ್ಲ.

"ಹೆದರಿಕೆ ನನಗೂ ಇದೆ. ಬಾಡಿಗೆ ಇದೆ, ಅತ್ತೆ ಮಾತ್ರೆ ಇದೆ" ಎನ್ನುತ್ತಾರೆ. ದಾರದ ತುದಿ ಕತ್ತರಿಸುತ್ತಾ, ಹೊಲಿಗೆಯ ಮೇಲಿಂದ ಕಣ್ಣು ತೆಗೆಯದೆ ಇನ್ನೊಂದು ಮಾತು ಸೇರಿಸುತ್ತಾರೆ. "ಈ ಒಳಜೇಬು ಹೊಲಿಯೋ ಕೆಲಸ ಒಂದಿನ ನಿಂತುಹೋಗ್ಲಿ ಅಂತಾನೇ ನನಗಾಸೆ. ಆ ಹೆಂಗಸರು ಬಂದು, 'ಅಕ್ಕ, ಜೇಬು ಹೊರಗಡೆ ಹಾಕು, ಎಲ್ಲರಿಗೂ ಕಾಣೋ ಹಾಗೆ' ಅನ್ಬೇಕು. ಹೊರಗಡೆ ಅಂದ್ರೆ ಕಷ್ಟ. ಜೇಬಿನ ಹೂವು ಮೈಮೇಲಿನ ಹೂವಿಗೆ ಸರಿಯಾಗಿ ಕೂಡ್ಬೇಕು, ಒಂದು ದಳ ಆಚೀಚೆ ಆಗ್ಬಾರ್ದು. ಟೈಮ್ ಹಿಡಿಯುತ್ತೆ. ಹಿಡೀಲಿ."