ಸೀಟಿನ ಮೇಲಿನ ಬೆಡ್‌ಶೀಟು

ಕಂಪ್ಯೂಟರುಗಳ ವೈ2ಕೆ ಗದ್ದಲ ಮುಗಿದ ವರ್ಷ, ಎರಡು ಸಾವಿರದಲ್ಲಿ, ನಾವು ಅಮೆರಿಕದ ಲೂಯಿಸ್‌ವಿಲ್‌ನಲ್ಲಿದ್ದೆವು. ನನ್ನ ಚರ್ಮದ ಕಾಯಿಲೆ, ಸೋರಿಯಾಸಿಸ್, ಮೊಣಕೈಯಿಂದ ತೋಳಿಗೆ, ಬೆನ್ನಿಗೆ ಹಬ್ಬಿತ್ತು. ಸ್ಟೀರಾಯ್ಡ್ ಮುಲಾಮಿಗೆ ಒಂದು ತಿಂಗಳು ಬಗ್ಗಿತು, ಆಮೇಲೆ ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಟಾರ್ ಮುಲಾಮು ಹಚ್ಚಿದರೆ ದಿಂಬೆಲ್ಲ ಕಲೆ, ಮನೆಯೆಲ್ಲ ಡಾಂಬರು ವಾಸನೆ. ಕೊನೆಗೆ ಡಾಕ್ಟರು ಟಾರ್ ನಿಲ್ಲಿಸಿ ಬೆಳಕಿನ ಚಿಕಿತ್ಸೆ ಬರೆದರು. ವಾರಕ್ಕೆ ಮೂರು ಸಲ ಕ್ಲಿನಿಕ್ಕಿಗೆ ಹೋಗಿ, ಉದ್ದುದ್ದ ಟ್ಯೂಬ್‌ಲೈಟುಗಳ ಪೆಟ್ಟಿಗೆಯೊಳಗೆ ಕೆಲವು ನಿಮಿಷ ನಿಲ್ಲಬೇಕು. ತಪ್ಪಿಸುವ ಹಾಗಿಲ್ಲ.

ನನಗೆ ಡ್ರೈವಿಂಗ್ ಬಾರದು. ಗಂಡನಿಗೆ ಆಫೀಸು. ಎದುರು ಅಪಾರ್ಟ್‌ಮೆಂಟಿನ ಮೈಸೂರಿನ ಗೆಳತಿ, "ನಾನಿಲ್ವೇನೇ? ಕರ್ಕೊಂಡ್ ಹೋಗ್ತೀನಿ, ತಲೆ ಕೆಡಿಸ್ಕೋಬೇಡ" ಎಂದಳು. ಡಾಕ್ಟರ ಇಂಗ್ಲಿಷು ನನ್ನ ತಲೆಗೆ ಹತ್ತದಿದ್ದಾಗ ಬಿಡಿಸಿ ಹೇಳಿದವಳೂ ಅವಳೇ: "ಅಂಟುರೋಗ ಅಲ್ವಂತೆ ಕಣೇ. ಮುಟ್ಟಿದ್ರೆ ಏನೂ ಆಗಲ್ವಂತೆ." ಅವಳ ಕಾರಿನಲ್ಲಿ ನನ್ನ ಸೀಟಿನ ಮೇಲೆ ಯಾವಾಗಲೂ ಒಂದು ಹೂವಿನ ಬೆಡ್‌ಶೀಟು. ನನ್ನ ಬಟ್ಟೆಗೆ ಅಂಟಿದ ಹಳೇ ಟಾರಿನ ಕಲೆಗೆ ಹೆದರಿದ್ದಾಳೆ, ಪಾಪ, ಎಂದುಕೊಂಡು ಪ್ರತಿ ಶನಿವಾರ ನಾನೇ ಒಗೆದು ಮಡಿಸಿ ಕೊಡುತ್ತಿದ್ದೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಗೌರಿ ಹಬ್ಬದ ಹೊತ್ತಿಗೆ ತೋಳು ಮುಕ್ಕಾಲು ವಾಸಿಯಾಗಿತ್ತು. ಆ ಖುಷಿಗೆ, ವರ್ಷದ ಮೇಲೆ ಮೊದಲ ಸಲ ಗಿಡ್ಡ ತೋಳಿನ ರವಿಕೆ ತೊಟ್ಟು ಅವಳ ಮನೆಗೆ ಹೋದೆ. ಸಾಲಾಗಿ ಕೂತ ಹೆಂಗಸರ ಕೈಗೆ, ಕೆನ್ನೆಗೆ ತಾನೇ ಅರಿಶಿನ ಹಚ್ಚಿ, ಹಣೆಗೆ ಕುಂಕುಮ ಇಡುತ್ತ ಬಂದಳು. ನನ್ನ ಮುಂದೆ ಬಂದಾಗ ಮಾತ್ರ ಅರಿಶಿನವನ್ನು ಪೇಪರ್ ನ್ಯಾಪ್‌ಕಿನ್ನಿಗೆ ಸುರಿದು, "ನೀನೇ ಹಚ್ಕೊಳ್ಳೇ" ಎಂದಳು. ಪಕ್ಕದ ಆಂಟಿ ಸೆರಗು ಎಳೆದುಕೊಂಡು ಆಚೆ ಸರಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ತಿಳಿಯದು. ಇವಳು ತನ್ನ ಬಾಯಿಂದಲೇ ಹೇಳಿದವಳು!

ಸೋಮವಾರ ಬೆಳಿಗ್ಗೆ ಎಂದಿನಂತೆ ಹಾರ್ನ್ ಕೇಳಿಸಿತು. ಹೋಗದಿದ್ದರೆ ಇಷ್ಟು ದಿನದ ಚಿಕಿತ್ಸೆಯೆಲ್ಲ ನೀರುಪಾಲು. ಕಾರಿನ ಬಾಗಿಲು ತೆಗೆದೆ. ಬೆಡ್‌ಶೀಟು ಹಾಸಿತ್ತು.

"ಟಾರ್ ಬಿಟ್ಟು ಎರಡು ತಿಂಗಳಾಯ್ತಲ್ಲೇ. ಇದ್ಯಾಕೆ ಇನ್ನೂ?"

"ನಮ್ಮನೇಲಿ ಚಿಕ್ಕ ಮಗು ಇದೆಯಲ್ಲ..." ಎಂದಳು, ನನ್ನ ಮುಖ ನೋಡದೆ.

ಮೈಯೆಲ್ಲ ಉರಿದುಹೋಯಿತು. ಆದರೂ ಹತ್ತಿ, ಅದರ ಮೇಲೆಯೇ ಕೂತೆ. ನನ್ನನ್ನು ಕರೆದೊಯ್ಯಲು ಬೇರೆ ಕಾರಿರಲಿಲ್ಲ. ಆ ಶನಿವಾರ ಮಾತ್ರ ಅದನ್ನು ಒಗೆದು ಕೊಡಲಿಲ್ಲ.