ತಲೆಯಾಡಿಸುವುದನ್ನು ಬಿಟ್ಟ ಗಿನ್ಕಾ

ಬೆಳಗಿನ ಐದೂವರೆ. ಗಿನ್ಕಾ ದೊಯ್ಚೆವಾ ರಬ್ಬರ್ ಬೂಟು ಏರಿಸಿ, ನೀರಿನ ಪೈಪು ಎಳೆದುಕೊಂಡು ನಗರಸಭೆಯ ನಾಯಿದೊಡ್ಡಿಯ ಮೊದಲ ಸಾಲಿಗೆ ಬರುತ್ತಾರೆ. ಡ್ಯಾನ್ಯೂಬ್ ನದಿಯಿಂದ ಎದ್ದ ಮಂಜು, ಎಂದೋ ಬೀಗ ಬಿದ್ದ ಸಕ್ಕರೆ ಕಾರ್ಖಾನೆಯ ಗೋಡೆಯವರೆಗೆ ಬಂದು ನಿಂತಿದೆ. ಇನ್ನೂರ ಹನ್ನೆರಡು ನಾಯಿಗಳು ಒಂದೇ ಸಮ ಬೊಗಳುತ್ತಿವೆ. "ಬಾಯ್ಮುಚ್ರೋ, ಬಂದೆ! ಯಾರ ಮನೆ ಮದುವೆ ಅಂತ ಇಷ್ಟು ಗಲಾಟೆ?" ಎಂದು ಗದರುತ್ತಲೇ ಮೊದಲ ಪಂಜರದ ಚಿಲಕ ತೆಗೆಯುತ್ತಾರೆ. ಆ ದನಿ ಕೇಳಿದ್ದೇ ತಡ, ಅರ್ಧದಷ್ಟು ನಾಯಿಗಳು ಸುಮ್ಮನಾಗುತ್ತವೆ.

ಗಿನ್ಕಾಗೆ ಈಗ ಅರವತ್ತೊಂದು. ಹದಿನೆಂಟು ವರ್ಷ ಇದೇ ಸಕ್ಕರೆ ಕಾರ್ಖಾನೆಯಲ್ಲಿ ಚೀಲ ಹೊಲಿದವರು. ಕಾರ್ಖಾನೆಗೆ ಬೀಗ ಬಿದ್ದಾಗ ಗಂಡ ಪೆನ್ಚೋ ಸ್ಪೇನಿಗೆ ಹಣ್ಣು ಕೀಳುವ ಕೆಲಸಕ್ಕೆ ಹೋದ. ಮೊದಲ ವರ್ಷ ಪತ್ರ ಬಂತು, ಎರಡನೇ ವರ್ಷ ಅದೂ ನಿಂತಿತು. ಗಿನ್ಕಾ ಊರವರ ಮೆಟ್ಟಿಲು ತೊಳೆದರು, ಆಮೇಲೆ ದೊಡ್ಡಿ ತೊಳೆಯಲು ಬಂದರು. ಹತ್ತೊಂಬತ್ತು ವರ್ಷವಾಯಿತು. ಕಾಗದದಲ್ಲಿ ಇವತ್ತಿಗೂ ಅವರು ಬರೀ ಸ್ವಚ್ಛತಾ ಕೆಲಸದವರು. ಯಾವ ನಾಯಿ ಯಾವ ಮನೆಗೆ ಹೊಂದುತ್ತದೆ ಎಂದು ಈ ಊರಿನಲ್ಲಿ ಅವರಷ್ಟು ಬಲ್ಲವರು ಬೇರೊಬ್ಬರಿಲ್ಲ. ಆ ವಿದ್ಯೆಯನ್ನು ಬರೆದುಕೊಳ್ಳಲು ಮಾತ್ರ ಕಚೇರಿಯ ಯಾವ ಕಾಗದದಲ್ಲೂ ಜಾಗವಿಲ್ಲ.

ಶನಿವಾರ ನಾಯಿ ಕೇಳಿಕೊಂಡು ಜನ ಬರುವ ದಿನ. ಎಂಟು ಗಂಟೆಗೇ ಒಬ್ಬಾತ ಮೊಬೈಲು ಹಿಡಿದು ಹಾಜರು.

"ಅಕ್ಕಾ, ಒಂದು ಬಿಳೀ ನಾಯಿ ಕೊಡಿ. ನಮ್ಮನೆಯವಳಿಗೆ ಬಿಳೀದೇ ಇಷ್ಟ."

"ಬಿಳೀದೇ ಬೇಕಾದ್ರೆ ಫ್ರಿಜ್ಜು ತಗೊಂಡ್ಹೋಗಪ್ಪ, ಅದು ಬೊಗಳೋದೂ ಇಲ್ಲ. ಮನೆ ಎಷ್ಟನೇ ಮಹಡಿ?"

"ಏಳನೇದು."

"ಲಿಫ್ಟು?"

"ಒಂದೊಂದ್ಸಲ ಇರುತ್ತೆ."

"ಮುಂಚೆ ಸಾಕಿದ್ದ ನಾಯಿ ಏನಾಯ್ತು?"

"ಅದಾ? ಎಲ್ಲೋ ಓಡಿಹೋಯ್ತು."

"ಎಷ್ಟು ದಿನ ಹುಡುಕಿದೆ?"

ಆತ ಮೊಬೈಲಿನಲ್ಲಿ ಏನನ್ನೋ ಹುಡುಕತೊಡಗುತ್ತಾನೆ. ಗಿನ್ಕಾ ಪೈಪು ಎತ್ತಿಕೊಂಡು, "ಗೇಟು ಆ ಕಡೆ" ಎನ್ನುತ್ತಾರೆ.

ಇದೊಂದು ಪ್ರಶ್ನೆಯಲ್ಲೇ ಅವರ ಅರ್ಧ ಪರೀಕ್ಷೆ ಮುಗಿಯುತ್ತದೆ. ಹಿಂದಿನ ನಾಯಿ ಸತ್ತದ್ದನ್ನು ಹೇಳುವಾಗ ಯಾರ ಕಣ್ಣು ತುಂಬುತ್ತದೋ ಅವರನ್ನು ಒಳಗೆ ಕರೆದೊಯ್ಯುತ್ತಾರೆ. ಮಧ್ಯಾಹ್ನ ಮನೆಯಲ್ಲಿ ಯಾರಿರುತ್ತಾರೆ, ಮಳೆ ಬಂದರೆ ಹೊರಗೆ ಕರೆದೊಯ್ಯುವವರು ಯಾರು, ಎಲ್ಲವನ್ನೂ ಕೇಳಿಯೇ ಪಂಜರ ತೋರಿಸುತ್ತಾರೆ. ಕಳೆದ ವರ್ಷ ತೊಂಬತ್ತಾರು ನಾಯಿಗಳು ಮನೆ ಸೇರಿದವು, ಮೂವತ್ತೊಂದು ವಾಪಸು ಬಂದವು. ಹಾಗೆ ಬಂದವುಗಳಲ್ಲಿ ಗಿನ್ಕಾ ಒಪ್ಪಿ ಕಳಿಸಿದ್ದು ಎರಡೇ ಎರಡು. ಉಳಿದವು ಕಚೇರಿಯವರು ಫೋಟೊ ತೋರಿಸಿ ಸಾಗಹಾಕಿದವು. "ಬಣ್ಣ ನೋಡಿ ತಗೊಂಡ್ಹೋಗ್ತಾರೆ, ಬುದ್ಧಿ ನೋಡಿ ವಾಪಸ್ ತರ್ತಾರೆ. ಹಾಗೆ ಬಂದಿದ್ದು ವಾರಗಟ್ಟಲೆ ಅನ್ನ ಮುಟ್ಟಲ್ಲ" ಎನ್ನುತ್ತಾರೆ. ಪಂಜರಗಳ ಮುಂದೆ ಒಂದು ಬೆಂಚು ಹಾಕಿಸಿ, ಜನ ಒಂದು ಗಂಟೆ ಕೂತು ನೋಡಲಿ ಎಂದು ಆರು ವರ್ಷದಿಂದ ಕೇಳುತ್ತಿದ್ದಾರೆ. ಬೆಂಚು ಬಂದಿಲ್ಲ. ಗೇಟಿನ ಮೇಲೆ ನಗುವ ನಾಯಿಯ ದೊಡ್ಡ ಚಿತ್ರವೊಂದು ಬಂದಿದೆ.

ಅವರು ಮಾತಾಡುವುದನ್ನು ನೋಡುತ್ತಿದ್ದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ತಲೆಯ ಮೇಲೆ ತುಂಬಿದ ಕೊಡ ಇದ್ದವರಂತೆ ಕತ್ತು ನೆಟ್ಟಗಿರುತ್ತದೆ. ಹೌದು ಎಂದರೂ ಇಲ್ಲ ಎಂದರೂ ಬಾಯಿಂದಲೇ. ಇದು ಎಂಟು ವರ್ಷದಿಂದ ಬಂದ ಅಭ್ಯಾಸ.

ಆ ವರ್ಷ ಜರ್ಮನಿಯಿಂದ ಗಂಡಹೆಂಡತಿ ಬಂದಿದ್ದರು. ಮುರ್ಜೋ ಎಂಬ ಕಂದು ನಾಯಿಯನ್ನು ಮೆಚ್ಚಿ, ತಮ್ಮ ಮಗುವಿನ ಫೋಟೊ ತೋರಿಸಿ, ಹೊಂದಿಕೊಳ್ಳುತ್ತದೆಯೇ ಎಂದು ಸನ್ನೆಯಲ್ಲಿ ಕೇಳಿದರು. ಮುರ್ಜೋಗೆ ಮಕ್ಕಳೆಂದರೆ ಆಗದು. ಗಿನ್ಕಾ ತಲೆಯನ್ನು ಮೇಲಕ್ಕೂ ಕೆಳಕ್ಕೂ ಜೋರಾಗಿ ಮೂರು ಸಲ ಆಡಿಸಿದರು. ಡ್ಯಾನ್ಯೂಬ್ ದಡದ ನಮ್ಮ ಈ ದೇಶದಲ್ಲಿ ಹಾಗೆ ಆಡಿಸಿದರೆ ಇಲ್ಲ, ಖಂಡಿತ ಇಲ್ಲ ಎಂದರ್ಥ. ಅವರ ದೇಶದಲ್ಲಿ ಹೌದು, ಖಂಡಿತ ಹೌದು. ಆ ಹೆಂಗಸು ಖುಷಿಯಿಂದ ಗಿನ್ಕಾರನ್ನು ಅಪ್ಪಿಕೊಂಡಳು. "ನಿಜ ಹೇಳಿದ್ದಕ್ಕೆ ಅಪ್ಕೊಂಡ್ಳು ಅಂದ್ಕೊಂಡೆ ನಾನು, ಮಂಕುದಿಣ್ಣೆ. ಮಾರನೇ ದಿನ ನನಗೆ ರಜ. ರಜ ಮುಗಿಸಿ ಬಂದು ನೋಡ್ತೀನಿ, ಪಂಜರ ಖಾಲಿ." ಎರಡು ತಿಂಗಳಿಗೆ ಪತ್ರ ಬಂತು. ಮಗುವಿನ ಕೆನ್ನೆಗೆ ಹನ್ನೊಂದು ಹೊಲಿಗೆ. ಮುರ್ಜೋಗೆ ಸೂಜಿ ಚುಚ್ಚಿ ಸಾಯಿಸಿದ್ದರು. ಕಚೇರಿಯಲ್ಲಿ ಎಲ್ಲರೂ ಅದನ್ನೊಂದು ತಮಾಷೆ ಮಾಡಿಕೊಂಡು ನಕ್ಕರು. ಗಿನ್ಕಾ ಆ ವಾರವೇ ಜರ್ಮನ್ ಭಾಷೆಯಲ್ಲಿ ಇಲ್ಲ ಎನ್ನುವ ಒಂದೇ ಒಂದು ಪದ ಕಲಿತರು.

ಇವತ್ತು ಹತ್ತು ಗಂಟೆಗೆ ಆಸ್ಟ್ರಿಯಾದಿಂದ ದಂಪತಿ ಬರಲಿದ್ದಾರೆ, ಬಾಲ್ಕಾನ್‌ಗಾಗಿ. ಬಾಲ್ಕಾನ್ ಏಳು ವರ್ಷ ಟೈರ್ ಅಂಗಡಿಯ ಹಿಂದೆ ಸರಪಳಿಯಲ್ಲಿದ್ದ ಕುರಿಕಾಯುವ ಜಾತಿಯ ದೈತ್ಯ. ಬೆಳ್ಳಗಿದ್ದಾನೆ, ಫೋಟೊದಲ್ಲಿ ಬಲು ಚೆಂದ ಕಾಣುತ್ತಾನೆ. ಗಿನ್ಕಾಗೆ ಇಡೀ ದೊಡ್ಡಿಯಲ್ಲಿ ಅವನ ಮೇಲೆಯೇ ಹೆಚ್ಚು ಪ್ರೀತಿ, ಅದನ್ನು ಅವರು ಮುಚ್ಚಿಡುವುದೂ ಇಲ್ಲ. ಇಲ್ಲಿ ಎರಡು ವರ್ಷ ಕಳೆದ ನಾಯಿಗಳನ್ನು ಜಿಲ್ಲೆಯ ಆಚೆ ತುದಿಯ ದೊಡ್ಡಿಗೆ ಸಾಗಿಸುತ್ತಾರೆ. ಅಲ್ಲಿಗೆ ನಾಯಿ ಕೇಳಿಕೊಂಡು ಯಾರೂ ಹೋಗುವುದಿಲ್ಲ. ಬಾಲ್ಕಾನ್‌ನ ಸರದಿ ಸೋಮವಾರ.

ಮೇಲಧಿಕಾರಿ ಪ್ಲಾಮೆನ್ ಬೆಳಿಗ್ಗೆಯೇ ಬಂದು ಎಚ್ಚರಿಸಿದ್ದಾರೆ. "ಗಿನ್ಕಕ್ಕಾ, ಇವತ್ತೊಂದಿನ ನಿನ್ನ ಬಾಯಿಗೆ ರಜ ಕೊಡು. ಹೋಗ್ಲಿ ಪಾಪದ್ದು."

"ಮನೇಲಿ ಮಕ್ಕಳಿದಾರಾ ಅಂತ ಕೇಳಿದ್ರಾ ಸಾಹೇಬ್ರೇ?"

"ಅದೆಲ್ಲ ಅವರ ಮನೆ ವಿಷಯ."

ದಂಪತಿ ಬರುತ್ತಾರೆ. ಒಳ್ಳೆಯ ಜನ, ಬರುವಾಗಲೇ ನಾಯಿಗೆಂದು ಒಂದು ಹಾಸಿಗೆ, ಹೊಸ ಕೊರಳಪಟ್ಟಿ ತಂದಿದ್ದಾರೆ. ಹಿಂದಿನ ನಾಯಿಯ ಮಾತೆತ್ತಿದರೆ ಗಂಡಸಿನ ಕಣ್ಣು ಒದ್ದೆಯಾಗುತ್ತದೆ. ಗಿನ್ಕಾ ಅದನ್ನು ಗಮನಿಸುತ್ತಾರೆ, ಅವರ ಮುಖದಲ್ಲಿ ಆಸೆ ಚಿಗುರುತ್ತದೆ. ಅಷ್ಟರಲ್ಲಿ ಹೆಂಗಸು ಚೀಲದಿಂದ ಒಂದು ಫೋಟೊ ಹೊರತೆಗೆದು ಏನೋ ಕೇಳುತ್ತಾಳೆ: ನಾಲ್ಕು ವರ್ಷದ ಮೊಮ್ಮಗಳು, ಅವರ ಜೊತೆಯಲ್ಲೇ ಇರುವವಳು. ಆ ದಂಪತಿಯಾಡುವ ಜರ್ಮನ್ ಬಲ್ಲ ಕಚೇರಿಯ ಹುಡುಗಿ ರಲಿತ್ಸಾ ಅವರ ಪ್ರಶ್ನೆಯನ್ನು ಗಿನ್ಕಾಗೆ ತಿಳಿಸುತ್ತಾಳೆ.

"ಮಗು ಜೊತೆ ಹೇಗಿರ್ತಾನೆ ಅಂತ ಕೇಳ್ತಿದಾರೆ ಅತ್ತೆ."

"ತಟ್ಟೆ ಹತ್ರ ಯಾರು ಬಂದ್ರೂ ಕಚ್ತಾನೆ. ಮಗು ಅಂತಾನೂ ನೋಡಲ್ಲ. ಹಾಗೇ ಹೇಳು."

ರಲಿತ್ಸಾ ಏನೋ ಉದ್ದಕ್ಕೆ ಹೇಳುತ್ತಾಳೆ. ಹೆಂಗಸು ನಗುತ್ತಾಳೆ.

"ಏನಂದೆ ಕೂಸೇ?"

"ಸ್ವಲ್ಪ ತಾಳ್ಮೆ ಬೇಕಾಗುತ್ತೆ ಅಂದೆ." ರಲಿತ್ಸಾಳ ದನಿ ಇಳಿಯುತ್ತದೆ. "ಸೋಮವಾರ ಅವನನ್ನ ಕರ್ಕೊಂಡ್ಹೋಗ್ತಾರಲ್ಲ ಅತ್ತೆ..."

ಗಿನ್ಕಾ ಒಂದು ಕ್ಷಣ ಬಾಲ್ಕಾನ್‌ನನ್ನು ನೋಡುತ್ತಾರೆ. ಆಮೇಲೆ ಹೆಂಗಸಿನ ಕೈಯಲ್ಲಿದ್ದ ಫೋಟೊದ ಮೇಲೆ ಬೆರಳಿಟ್ಟು, ತಾವು ಕಲಿತ ಆ ಒಂದು ಪದವನ್ನು ಗಟ್ಟಿಯಾಗಿ ಹೇಳುತ್ತಾರೆ. ಅರ್ಥವಾಯಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳುತ್ತಾರೆ. ತೋಳು ಮೇಲೇರಿಸಿ, ಮೊಣಕೈ ಕೆಳಗೆ ಬಾಲ್ಕಾನ್‌ನ ಹಲ್ಲು ಇಳಿದ ನಾಲ್ಕು ಗುರುತುಗಳನ್ನು ತೋರಿಸುತ್ತಾರೆ. ಹೆಂಗಸು ಫೋಟೊವನ್ನು ಎದೆಗೆ ಒತ್ತಿಕೊಂಡು ಹಿಂದೆ ಸರಿಯುತ್ತಾಳೆ.

ಗಿನ್ಕಾ ಬಿಡದೆ ಅವರನ್ನು ಮೂರನೇ ಸಾಲಿಗೆ ಕರೆದೊಯ್ಯುತ್ತಾರೆ. ಅಲ್ಲಿ ಕುಂಟುಗಾಲಿನ ಲಿಸಾ ಇದ್ದಾಳೆ. ಮಗು ಕಿವಿ ಹಿಡಿದು ಎಳೆದರೂ ಸುಮ್ಮನಿರುವ ಜಾತಿ. "ಇವಳನ್ನ ಕಣ್ಮುಚ್ಚಿ ಕೊಡ್ತೀನಿ ಅನ್ನು" ಎಂದು ರಲಿತ್ಸಾಗೆ ಹೇಳುತ್ತಾರೆ. ಗಂಡಹೆಂಡತಿ ಲಿಸಾಳನ್ನು ನೋಡಿ, ಮೊಬೈಲಿನಲ್ಲಿದ್ದ ಬಾಲ್ಕಾನ್‌ನನ್ನು ನೋಡಿ, ಮುಖಮುಖ ನೋಡಿಕೊಳ್ಳುತ್ತಾರೆ. ಯೋಚಿಸಿ ತಿಳಿಸುತ್ತಾರಂತೆ. ಕಾರು ಬಂದ ಹಾಗೆಯೇ ಹೊರಟುಹೋಗುತ್ತದೆ, ಹಿಂದಿನ ಸೀಟಿನಲ್ಲಿ ಹೊಸ ಹಾಸಿಗೆ ಖಾಲಿ.

"ನೀನೇ ಅವನ ಕತೆ ಮುಗಿಸಿದೆ, ಗೊತ್ತಾಯ್ತಾ?" ಎಂದು ಪ್ಲಾಮೆನ್ ಎಲ್ಲರೆದುರು ಕೂಗುತ್ತಾರೆ.

ಗಿನ್ಕಾ ಕೋಳಿತಲೆ ಹಾಕಿ ಬೇಯಿಸಿದ ಗಂಜಿಯನ್ನು ಬಾಲ್ಕಾನ್‌ನ ತಟ್ಟೆಗೆ ಸುರಿದು, ಮೂರು ಹೆಜ್ಜೆ ಹಿಂದೆ ಬಂದು ನಿಲ್ಲುತ್ತಾರೆ. ಅವನು ಗುರುಗುಟ್ಟುತ್ತಲೇ ತಿನ್ನುತ್ತಾನೆ. ಅವರ ಕಣ್ಣಲ್ಲಿ ನೀರು ಇಳಿಯುತ್ತದೆ, ಒರೆಸಿಕೊಳ್ಳುವ ಗೋಜಿಗೂ ಹೋಗುವುದಿಲ್ಲ.

"ಇವನಿಗೆ ನಾನು ದ್ರೋಹ ಮಾಡ್ದೆ, ಹೌದು. ಸೋಮವಾರ ವ್ಯಾನಿಗೆ ಹತ್ಸೋದೂ ನಾನೇ. ಬೇರೆಯವರ ಕೈಗೆ ಸಿಗಲ್ಲ ಇವನು" ಎನ್ನುತ್ತಾರೆ. ತಟ್ಟೆ ಖಾಲಿಯಾಗುವುದನ್ನೇ ನೋಡುತ್ತಾ ಮುಂದುವರಿಸುತ್ತಾರೆ: "ಆ ಫೋಟೊದಲ್ಲಿದ್ದ ಕೂಸಿಗೆ ನಾನು ಯಾರು ಅಂತ ಯಾವತ್ತೂ ಗೊತ್ತಾಗಲ್ಲ. ಗೊತ್ತಾಗೋ ಹಾಗೆ ಏನೂ ಆಗ್ಲಿಲ್ವಲ್ಲ, ಅಷ್ಟು ಸಾಕು ನಂಗೆ."