ಅಕ್ಕ ಹುಗಿದ ಒರಳು

ಕಮರಿಪೇಟೆಯ ಬಾಡಿಗೆ ಮನೆಯಲ್ಲಿ ಅಕ್ಕ ತನ್ನ ಒರಳನ್ನು ವರ್ಷಗಟ್ಟಲೆ ಮೂಲೆಗೆ ಸರಿಸಿಯೇ ಇಟ್ಟಿದ್ದಳು. ಒರಳನ್ನು ನೆಲದಲ್ಲಿ ಹುಗಿಯುವುದು ಸ್ವಂತ ಮನೆಯಲ್ಲಿ ಮಾತ್ರ. ಹುಗಿಯದ ಒರಳು ಅರೆಯುವಾಗ ಅಲುಗಾಡುತ್ತಿತ್ತು. ನಾನು ಎರಡೂ ಕೈಯಿಂದ ಹಿಡಿದು ಕೂಡಬೇಕಿತ್ತು.

“ಬಾಡಗಿ ಮನೀನ ಛಲೋ, ಅಕ್ಕಾ. ಮಾಳಗಿ ಸೋರಿದ್ರ ಮಾಲಕ ಮಣ್ಣ ಹಾಕಸ್ತಾನ. ಸ್ವಂತದ್ದಾದ್ರ ನಾನ ಮ್ಯಾಲ ಏರಬೇಕು.”

“ನೀ ಏರೂದ ಗೊತ್ತೈತಿ! ನಿಚ್ಚಣಕಿ ನೋಡಿದ್ರ ಬೆವರತಿ. ಇಲ್ಲಿ ಒಂದ ಮೊಳಿ ಬಡೀಬೇಕಂದ್ರೂ ಕೇಳಬೇಕೋ ತಮ್ಮಾ. ನನಗ ಒಳ್ಳು ಹುಗಿಯೂವಷ್ಟ ನೆಲ ಸಾಕು.”

ಅಪ್ಪ, ಅವ್ವ ಇರಲಿಲ್ಲ. ನನ್ನನ್ನು ಸಾಕಿದವಳು ಅಕ್ಕ. ತಾನು ಶಾಲೆ ಕಾಣದಿದ್ದರೂ ನನ್ನನ್ನು ಕನ್ನಡ ಮೂರನೇ ಇಯತ್ತೆಯವರೆಗೆ ಓದಿಸಿದ್ದಳು. ಓಣಿಯಲ್ಲಿ ಯಾರಿಗೆ ಕಾರ್ಡು ಬಂದರೂ “ನಮ್ಮ ತಮ್ಮ ಓದ್ತಾನ, ತರ್ರಿ” ಎನ್ನುತ್ತಿದ್ದಳು.

ಜರ್ಮನಿಯ ಜೊತೆ ಯುದ್ಧ ಶುರುವಾದ ವರ್ಷ, ಓಣಿಯ ತುದಿಯ ಸಣ್ಣ ಮನೆಯನ್ನು ಮಾರಲು ಅದರ ಮಾಲೀಕ ಒಪ್ಪಿದ. ಅಕ್ಕ ಕೈಯ ಬಂಗಾರದ ಪಾಟಲಿ ಬಿಚ್ಚಿಕೊಟ್ಟಳು. ಆತ ಕಾಗದ ನನ್ನ ಮುಂದೆ ಚಾಚಿದ.

“ಓದಿ ನೋಡ್ರಿ. ಆಮ್ಯಾಲೆ ಅಕ್ಕಾರ ಹೆಬ್ಬಟ್ಟ ಒತ್ತಸ್ರಿ.”

ಅದು ಮೋಡಿಯಲ್ಲಿತ್ತು. ಮರಾಠಿ ಕಾರಕೂನರು ಕೈಯೆತ್ತದೆ ಬರೆಯುವ ಆ ಲಿಪಿಯ ಒಂದಕ್ಷರವೂ ನನಗೆ ಬರುತ್ತಿರಲಿಲ್ಲ. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಸಾಲಿನ ಮೇಲೆ ಬೆರಳಿಟ್ಟು, ತುಟಿ ಅಲುಗಿಸುತ್ತ ಕೊನೆಯವರೆಗೂ ಹೋದೆ.

“ಎಲ್ಲಾ ಬರೋಬ್ಬರಿ ಐತಿ,” ಎಂದೆ.

ಕಚೇರಿ ಕೆಲಸಕ್ಕೆ ಬೇಕೆಂದು ಕಾಗದವನ್ನು ಆತನೇ ಇಟ್ಟುಕೊಂಡ. ನಾವು ಮರುದಿನವೇ ಆ ಮನೆಗೆ ಹೋಗಿ ಒರಳು ಹುಗಿದೆವು. ಯಾರೂ ಹಿಡಿಯದೆ ಅಕ್ಕ ಅಂದು ಚಟ್ನಿ ಅರೆದಳು.

ಎರಡು ವರ್ಷಕ್ಕೆ ಆತ ಕಾಗದ ಹಿಡಿದು ಬಂದ. “ಮುದ್ದತ್ತು ಮುಗೀತು, ಮನಿ ಖಾಲಿ ಮಾಡ್ರಿ.” ಮೋಡಿ ಬಲ್ಲ ಹಿರಿಯರೊಬ್ಬರು ಓದಿದರು. ಪಾಟಲಿ ಎರಡು ವರ್ಷದ ಬಾಡಿಗೆಗೆ ಜಮಾ ಆಗಿತ್ತು. ಖರೀದಿಯ ಮಾತೇ ಅದರಲ್ಲಿರಲಿಲ್ಲ.

“ಕಾಗದಾ ಬದಲ ಮಾಡ್ಯಾನ್ರೀ, ಹಲ್ಕಟ್!” ಅಕ್ಕ ಓಣಿಗೆ ಕೇಳುವಂತೆ ಕೂಗಿದಳು. “ನಮ್ಮ ತಮ್ಮ ಅವತ್ತ ಪೂರಾ ಓದ್ಯಾನ!”

ಹಿರಿಯರು ನನ್ನತ್ತ ತಿರುಗಿದರು. “ಖರೇ ಏನಪಾ?”

“ಹೌದ್ರಿ,” ಎಂದೆ. “ಬದಲ ಆಗೇತ್ರಿ.”

ಆತ ಮೋಸ ಮಾಡಿದ್ದು ನಿಜ. ಆದರೆ ಅಕ್ಕ ಹೆಬ್ಬೆಟ್ಟು ಒತ್ತಿದ್ದು ನನ್ನ ಮಾತಿಗೆ. ಮನೆ ಬಿಡುವ ದಿನ ಒರಳು ಕೀಳಲು ಆಕೆ ಬಿಡಲಿಲ್ಲ: “ಅದು ನಮ್ಮ ಮನೀನ. ಇರಲಿ.”

ಈಗ ಮತ್ತೆ ಬಾಡಿಗೆ ಮನೆ. ಅಕ್ಕನ ಎದುರು ಹೇಳಲಾಗದ್ದನ್ನು ಈ ಕಾಗದದಲ್ಲಿ ಬರೆದಿದ್ದೇನೆ. ಆಕೆಯ ಕೈಗೆ ಕೊಟ್ಟರೆ ನನ್ನ ಕೈಗೇ ತಿರುಗಿ ಕೊಟ್ಟು, “ಏನ ಬರದೈತಿ, ಓದೋ ತಮ್ಮಾ,” ಎನ್ನುತ್ತಾಳೆ.